ಕೋಳಿ ಶೆಡ್ಡಿನ ಬೆಲ್ಲಿಗೊಂದು ವಿಳಾಸ

ಆ ಬೆಲ್ಲನ್ನು ಗೋಡೆಗೆ ಹೊಡೆದು ಬರಲು ನನಗೆ ಹಿಡಿದದ್ದು ಎರಡೂವರೆ ಗಂಟೆ. ಅದು ಬೇಕಾದಾಗ ಬಡಿದುಕೊಳ್ಳುವಂತೆ ಮಾಡಲು ಹಿಡಿದದ್ದು ಸುಮಾರು ಒಂದು ತಿಂಗಳು. ನಡುವೆ ತುಡಿಯಲೂರಿನ ನಮ್ಮ ಅಂಗಡಿಯಿಂದ ಪಲ್ಲಡಂ ಪಕ್ಕದ ಆ ತೋಟದ ಮನೆಗೆ, ಸೂಲೂರಿನ ಲಾರಿಗಳ ಹೊಗೆ ಕುಡಿಯುತ್ತಾ, ಎಷ್ಟು ಸಲ ಬೈಕ್ ಓಡಿಸಿದೆನೋ ಲೆಕ್ಕ ಇಟ್ಟಿಲ್ಲ. ಇಟ್ಟಿದ್ದರೆ ಇನ್ನಷ್ಟು ಹೊಟ್ಟೆ ಉರಿಯುತ್ತಿತ್ತು.

ಕೆಲಸ ಕೇಳಲು ಸುಲಭದ್ದು. ಮನೆಯ ಹಿಂದೆ ಇನ್ನೂರು ಅಡಿ ದೂರದಲ್ಲಿ ಕೋಳಿ ಶೆಡ್ಡು. ಶೆಡ್ಡಿನ ಫ್ಯಾನುಗಳು ಮೂರು ಫೇಸಿನವು. ಒಂದು ಫೇಸ್ ಹೋದರೆ ಸಾಕು, ಮೋಟಾರು ಸುಡದಿರಲೆಂದು ಎಲ್ಲವೂ ನಿಂತುಬಿಡುತ್ತವೆ. ಮನೆಯಲ್ಲಿ ಮಾತ್ರ ಲೈಟು, ಟಿವಿ ಎಂದಿನಂತೆ ನಡೆಯುತ್ತಿರುತ್ತವೆ, ಒಳಗಿದ್ದವರಿಗೆ ಏನೂ ತಿಳಿಯುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಅರ್ಧ ಗಂಟೆ ಫ್ಯಾನು ನಿಂತರೆ ಬಲಿತ ಕೋಳಿಗಳು ಬಾಯಿ ಬಿಟ್ಟುಕೊಂಡು ಬೀಳುತ್ತವೆ. ಅದಕ್ಕಾಗಿ ಶೆಡ್ಡಿನಲ್ಲಿ ಸೆಕೆ ಅಳೆಯುವ ಒಂದು ಪೆಟ್ಟಿಗೆ, ಮನೆಯ ಹಾಲ್‌ನಲ್ಲಿ ಒಂದು ಬೆಲ್ಲು. ಶೆಡ್ಡು ಕಾದರೆ ಪೆಟ್ಟಿಗೆ ಬೆಲ್ಲಿಗೆ ಸುದ್ದಿ ಕಳಿಸಬೇಕು, ಬೆಲ್ಲು ಕಿವಿ ಕಿತ್ತುಹೋಗುವಂತೆ ಬಡಿದುಕೊಳ್ಳಬೇಕು. ಎರಡಕ್ಕೂ ನಡುವೆ ಇರುವುದು ಮನೆಯ ಇಂಟರ್ನೆಟ್ ರೂಟರ್.

ಶೆಡ್ಡನ್ನು ನೋಡಿಕೊಳ್ಳುತ್ತಿದ್ದವರು ಮನೆಯ ಯಜಮಾನಿ. ನಲವತ್ತೈದರ ಆಸುಪಾಸು. ಗಂಡ ಬೆಳಿಗ್ಗೆ ಎಂಟಕ್ಕೆ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಮಗಳು ಬಾಣಂತನಕ್ಕೆ ಬಂದಿದ್ದಳು, ಕೂಸಿಗೆ ಇಪ್ಪತ್ತು ದಿನ. ಶೆಡ್ಡಿಗೆ ಕಾಲಿಟ್ಟು ಬಂದವರು ಮೈ ತೊಳೆದುಕೊಂಡು ಸೀರೆ ಬದಲಾಯಿಸದೆ ಕೂಸನ್ನು ಮುಟ್ಟುವಂತಿಲ್ಲ ಎಂಬುದು ಆ ಮನೆಯ ಕಟ್ಟು. ಮಧ್ಯಾಹ್ನ ಕಾಲು ಗಂಟೆಗೊಮ್ಮೆ ಶೆಡ್ಡಿಗೆ ಹೋಗಿ ಫ್ಯಾನು ನೋಡಿ ಬರುವುದು, ಬಂದು ತಣ್ಣೀರು ಸುರಿದುಕೊಳ್ಳುವುದು, ಕೂಸನ್ನು ಎತ್ತಿಕೊಳ್ಳುವಷ್ಟರಲ್ಲಿ ಮತ್ತೆ ಹೊರಡುವುದು. ಬೆಲ್ಲು ಬೇಕೆಂದು ಅವರು ಹಟ ಹಿಡಿದದ್ದು ಇದಕ್ಕೆ.

ಮೊದಲ ದಿನ ನನ್ನ ಹರಕು ತಮಿಳಿನಲ್ಲಿ ಸ್ಟೂಲು ಕೇಳುತ್ತಿದ್ದೆ. ಆಕೆ ಒಳಗೆ ತಿರುಗಿ ಮಗಳಿಗೆ, "ಆ ತಂಬಿಗ್ ಸೊಲ್ಪ ನೀರ್ ಕೊಡು, ಬಿಸ್ಲಲ್ ಬಂದವ್ರೆ" ಎಂದರು. ತಮ್ಮ ಎನ್ನಲು ತಂಬಿ ಎಂದದ್ದು ಬಿಟ್ಟರೆ ಎಲ್ಲವೂ ಕನ್ನಡ. ನಾನು ಕೈಯಲ್ಲಿದ್ದ ಡ್ರಿಲ್ಲನ್ನು ಬಿಟ್ಟುಬಿಡುವುದೊಂದು ಬಾಕಿ. ಹಿರಿಯೂರು ಬಿಟ್ಟು ಈ ಕಡೆ ಬಂದು ಮೂರು ವರ್ಷ. ಫೋನಿನಲ್ಲಿ ಬಿಟ್ಟರೆ ಕನ್ನಡ ಕಿವಿಗೆ ಬೀಳುವುದೇ ಅಪರೂಪವಾಗಿತ್ತು.

"ಅಕ್ಕ, ನೀವು ಕನ್ನಡದವರಾ?"

"ಆಮ. ಮನೇಲಿ ಮಾತು ಕತೆ ಎಲ್ಲಾ ನಾವ್ ಕನ್ನಡ್ವೇ ಪೇಸೋದು. ನಮ್ ಮುತ್ತಾತ್ನ ಮುತ್ತಾತ್ನ ಕಾಲ್ದಲ್ಲೇ ಇಲ್ಲಿಗ್ ಬಂದಾಯ್ತಂತೆ. ನೀವ್ ಮೈಸೂರ್ ಸೀಮೆಯವ್ರಾ ತಂಬಿ?"

ಹಿರಿಯೂರು ಮೈಸೂರಿನಿಂದ ಎಷ್ಟು ದೂರ ಎಂದು ವಿವರಿಸುವ ಗೋಜಿಗೆ ಹೋಗದೆ ಹೌದು ಎಂದೆ. ಆ ಖುಷಿಯಲ್ಲಿ ಕೆಲಸವನ್ನು ಅವಸರವಸರವಾಗಿ ಮುಗಿಸಿದೆ. ಅಲ್ಲೇ ಮೊದಲ ಎಡವಟ್ಟು ಆಯಿತು.

ನೆಟ್‌ವರ್ಕಿನಲ್ಲಿರುವ ಪ್ರತಿ ಯಂತ್ರಕ್ಕೂ ಒಂದು ಐಪಿ ವಿಳಾಸ ಬೇಕು. ಅದನ್ನು ಎರಡು ರೀತಿಯಲ್ಲಿ ಕೊಡಬಹುದು. ರೂಟರ್ ತಾನೇ ಹಂಚಲಿ ಎಂದು ಬಿಡಬಹುದು. ಅದು ಆಸ್ಪತ್ರೆಯ ಟೋಕನ್ ಇದ್ದಂತೆ, ಬಂದವರಿಗೆ ಬಂದ ಹಾಗೆ ಒಂದೊಂದು. ಇಲ್ಲವೇ ಯಂತ್ರದೊಳಗೇ ಕೈಯಾರೆ ಒಂದು ಸಂಖ್ಯೆ ಬರೆದು, ಇದೇ ನಿನ್ನದು ಎಂದು ಖಾಯಂ ಮಾಡಬಹುದು. ನಾನು ಎಲ್ಲವನ್ನೂ ರೂಟರಿಗೆ ಬಿಟ್ಟೆ. ಬೆಲ್ಲಿಗೆ ಕೊನೆಯ ಅಂಕಿ ಹನ್ನೆರಡು ಸಿಕ್ಕಿತು. ಶೆಡ್ಡಿನ ಪೆಟ್ಟಿಗೆಯಲ್ಲಿ 'ಸುದ್ದಿ ಯಾರಿಗೆ' ಎಂಬ ಕಡೆ ಹನ್ನೆರಡು ಎಂದು ತುಂಬಿದೆ. ಪೆಟ್ಟಿಗೆಯ ಮೇಲಿನ ಪರೀಕ್ಷೆಯ ಗುಂಡಿ ಒತ್ತಿದೆ. ಬೆಲ್ಲು ಶೆಡ್ಡಿನವರೆಗೂ ಕೇಳುವಂತೆ ಬಡಿದುಕೊಂಡಿತು, ಕೂಸು ಬೆಚ್ಚಿ ಅತ್ತಿತು, ಮನೆಗೆ ಬಂದರೆ ಬಾಣಂತಿ ನನ್ನನ್ನು ದುರುಗುಟ್ಟಿ ನೋಡಿದಳು. ಎಲ್ಲ ಸರಿಯಿದೆ ಎಂದು ಹೊರಟೆ.

ಐದನೆಯ ದಿನ ಮಧ್ಯಾಹ್ನ ಅಕ್ಕನ ಫೋನ್ ಬಂತು. ಧ್ವನಿಯಲ್ಲಿ ಏರುಪೇರು ಇರಲಿಲ್ಲ, ಅದಕ್ಕೇ ನನಗೆ ಭಯವಾಯಿತು.

"ತಂಬಿ, ಫ್ಯಾನ್ ನಿಂತ್ಕೊಂಡಿತ್ತು. ಬೆಲ್ಲು ಹೊಡೀಲಿಲ್ಲ. ನಾನು ಸುಮ್ನೆ ಒಂದ್ ಸಲ ನೋಡನ ಅಂತ ಹೋದೆ, ಕೋಳಿ ಎಲ್ಲಾ ಬಾಯ್ ತೆರ್ಕೊಂಡ್ ನಿಂತವೆ. ಪರದೆ ಎತ್ತಿ ನೀರ್ ಹೊಡ್ದೆ. ಈಗ ಪರವಾಲ್ಲ."

ಹೋಗಿ ನೋಡಿದರೆ ಹಿಂದಿನ ದಿನ ಊರಿಗೇ ಕರೆಂಟು ಹೋಗಿ ಬಂದಿದೆ. ರೂಟರ್ ಆರಿ ಹೊತ್ತಿಕೊಂಡಾಗ ಹಳೆಯ ಹಂಚಿಕೆ ಅದರ ತಲೆಯಿಂದ ಅಳಿಸಿಹೋಗಿದೆ. ಹೊಸದಾಗಿ ಟೋಕನ್ ಕೊಡುವಾಗ ಹನ್ನೆರಡು ಟಿವಿಗೆ ಹೋಗಿದೆ, ಬೆಲ್ಲಿಗೆ ಹದಿನೈದು. ಶೆಡ್ಡಿನ ಪೆಟ್ಟಿಗೆ ಪಾಪ ತನ್ನ ಕೆಲಸ ಮಾಡಿದೆ. ಶೆಡ್ಡು ಕಾಯುತ್ತಿದೆ, ಬೇಗ ಬನ್ನಿ ಎಂದು ಟಿವಿಗೆ ಹೇಳುತ್ತಲೇ ಇತ್ತು.

ಇದಕ್ಕೆ ಪರಿಹಾರ ಗೊತ್ತೇ ಇತ್ತು. ಬೆಲ್ಲಿನೊಳಗೇ ಕೈಯಾರೆ ಹನ್ನೆರಡು ಎಂದು ಖಾಯಂ ಮಾಡಿದೆ. ರೂಟರನ್ನು ಆರಿಸಿ ಹೊತ್ತಿಸಿದೆ, ಬೆಲ್ಲು ಹೊಡೆಯಿತು. ಮತ್ತೊಮ್ಮೆ ಮಾಡಿದೆ, ಮತ್ತೆ ಹೊಡೆಯಿತು. ಇನ್ನು ಜಪ್ಪಯ್ಯ ಅಂದರೂ ಇದು ಕದಲುವುದಿಲ್ಲ ಎಂದು ಅಕ್ಕನಿಗೆ ಭರವಸೆ ಕೊಟ್ಟೆ. ಅವರು "ಸರೀಂಗ ತಂಬಿ" ಅಂದರು.

ಮೂರು ದಿನಕ್ಕೆ ಫೋನು. "ಸಾಯಂಕಾಲ ಗುಂಡಿ ಒತ್ತಿದ್ರೆ ಬೆಲ್ಲು ಹೊಡೀತಿಲ್ಲ ತಂಬಿ. ಬೆಳಿಗ್ಗೆ ಹೊಡೀತದೆ."

ಯಂತ್ರಕ್ಕೆ ಬೆಳಿಗ್ಗೆ ಸಂಜೆ ಎಂಬ ಭೇದ ಇರುವುದಿಲ್ಲ ಎಂದು ತಿಳಿದವನ ಹಾಗೆ ಹೇಳಿದೆ. ಮಾರನೆಯ ಮಧ್ಯಾಹ್ನ ಹೋಗಿ ಹತ್ತು ಸಲ ಒತ್ತಿದೆ, ಹತ್ತು ಸಲವೂ ಹೊಡೆಯಿತು. ನೀವು ಸರಿಯಾಗಿ ಒತ್ತಿಲ್ಲ ಅಕ್ಕ ಎಂದೆ. ಅವರು ಅದಕ್ಕೂ "ಸರೀಂಗ" ಅಂದರು. ನಾನು ಸಿಂಗಾನಲ್ಲೂರು ತಲುಪುವಷ್ಟರಲ್ಲಿ ಮತ್ತೆ ಫೋನು, ಈಗ ಹೊಡೆಯುತ್ತಿಲ್ಲ ಎಂದು. ರಸ್ತೆ ಬದಿಯಲ್ಲಿ ಬೈಕ್ ನಿಲ್ಲಿಸಿ ಹೆಲ್ಮೆಟ್ಟನ್ನು ಟ್ಯಾಂಕಿನ ಮೇಲೆ ಕುಕ್ಕಿದೆ. ಹೀಗೆ ಎರಡು ಸಲ ಆಯಿತು. ನಾನು ಇದ್ದಾಗ ಹೊಡೆಯುತ್ತದೆ, ಬೆನ್ನು ತಿರುಗಿಸಿದರೆ ಮೂಕ. ತಲೆ ಚಿಟ್ಟು ಹಿಡಿದುಹೋಯಿತು. ನಮ್ಮ ಯಜಮಾನರು ಅಂಗಡಿಯಲ್ಲಿ ಎಲ್ಲರೆದುರು, ಒಂದು ಬೆಲ್ಲಿಗೆ ಎಷ್ಟು ಪೆಟ್ರೋಲಪ್ಪಾ ಎಂದು ಕೇಳಿದರು.

ಕೊನೆಗೆ ಅಕ್ಕನೇ, "ಸಾಯಂಕಾಲ ಬಂದ್ ಇರ್ರಿ, ನೀವೇ ನೋಡ್ರಿ" ಎಂದರು. ಆರೂವರೆಗೆ ಹೋಗಿ ಕೂತೆ. ಬೆಲ್ಲು ಚೆನ್ನಾಗಿತ್ತು. ಮಗಳು ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಸೀರಿಯಲ್ಲಿಗೆಂದು ಟಿವಿ ಹಾಕಿದಳು. ಶೆಡ್ಡಿಗೆ ಹೋಗಿ ಗುಂಡಿ ಒತ್ತಿದೆ, ಸದ್ದಿಲ್ಲ. ಬೆಲ್ಲಿನ ವಯರನ್ನೇ ಕಿತ್ತುಹಾಕಿ, ಲ್ಯಾಪ್‌ಟಾಪಿನಿಂದ ಹನ್ನೆರಡನೆಯ ವಿಳಾಸವನ್ನು ಕರೆದು ನೋಡಿದೆ. ಕಿತ್ತುಹಾಕಿದ ಯಂತ್ರದ ವಿಳಾಸದಿಂದ ಓ ಎಂದು ಉತ್ತರ ಬಂತು. ಟಿವಿ ತನಗೆ ಮೊದಲು ಸಿಕ್ಕಿದ್ದ ಹನ್ನೆರಡನ್ನು ಮರೆತಿರಲಿಲ್ಲ, ಹೊತ್ತಿಕೊಂಡಾಗಲೆಲ್ಲ ಅದನ್ನೇ ಕೊಡು ಎಂದು ರೂಟರನ್ನು ಕೇಳುತ್ತಿತ್ತು. ಬೆಲ್ಲಿಗೆ ನಾನು ಅದನ್ನೇ ಕೊಟ್ಟಿದ್ದೇನೆಂದು ರೂಟರಿಗೆ ಯಾರೂ ಹೇಳಿರಲಿಲ್ಲ. ರೂಟರ್ ಹಂಚುವ ಸಂಖ್ಯೆಗಳ ಸಾಲಿನೊಳಗಿಂದಲೇ ಒಂದನ್ನು ಎತ್ತಿ ಖಾಯಂ ಮಾಡಿದ್ದೆ, ಸಾಲಿನಿಂದ ಅದನ್ನು ತೆಗೆದಿರಲಿಲ್ಲ. ಈ ಕೆಲಸ ಕಲಿಯುವ ಮೊದಲ ವಾರದಲ್ಲೇ ಹೇಳಿಕೊಡುವ ಪಾಠ ಇದು.

ಅಕ್ಕನಿಗೆ ಕ್ಷಮಿಸಿ ಎಂದೆ. "ಟಿವಿ ಪೋಟ್ರೆ ಹೊಡಿಯಲ್ಲ ಅಂತ ನಂಗೂ ಒಂದ್ ಸಂದೇಹ ಇತ್ತು ತಂಬಿ. ನೀವ್ ಓದಿರೋರು, ಹೆಂಗ್ ಹೇಳೋದು ಅಂತ ಬಿಟ್ಟೆ" ಎಂದರು.

ಆ ಸಂಜೆ ನಾನು ಎರಡಕ್ಕೂ ನಡುವಿನ ದಾರಿ ಹಿಡಿದೆ. ಎಲ್ಲ ಯಂತ್ರಗಳನ್ನೂ ಮತ್ತೆ ರೂಟರಿನ ಹಂಚಿಕೆಗೇ ಬಿಟ್ಟೆ, ಆದರೆ ರೂಟರಿನೊಳಗೆ ಒಂದು ಪಟ್ಟಿ ಬರೆದೆ. ಪ್ರತಿ ಯಂತ್ರಕ್ಕೂ ಕಾರ್ಖಾನೆಯಲ್ಲೇ ಒತ್ತಿದ ಒಂದು ಗುರುತಿನ ಸಂಖ್ಯೆ ಇರುತ್ತದೆ. ಈ ಗುರುತಿನವನು ಬಂದು ಕೇಳಿದರೆ ಇದೇ ವಿಳಾಸ ಕೊಡು, ಬೇರೆ ಯಾರಿಗೂ ಕೊಡಬೇಡ ಎಂದು. ಕರೆಂಟು ಹೋದರೂ ಆ ಪಟ್ಟಿ ಅಳಿಯುವುದಿಲ್ಲ. ಹತ್ತು ಸಲ ಆರಿಸಿ ಹೊತ್ತಿಸಿ, ಟಿವಿ ಹಾಕಿ ತೆಗೆದು ನೋಡಿದೆ. ಬೆಲ್ಲು ಪ್ರತಿ ಸಲವೂ ಹೊಡೆಯಿತು. ಬಾಣಂತಿ ಕೂಸನ್ನು ಎತ್ತಿಕೊಂಡು ಕೊಟ್ಟಿಗೆ ಕಡೆ ಹೋಗಿಬಿಟ್ಟಳು.

ಹೊರಡುವ ಮೊದಲು ಒಂದು ದೊಡ್ಡ ಹಾಳೆ ತೆಗೆದುಕೊಂಡು, ನನ್ನ ಕೈಲಾದಷ್ಟು ಚೆಂದದ ಅಕ್ಷರದಲ್ಲಿ, ಎಲ್ಲವನ್ನೂ ಬರೆದೆ. ಯಾವ ಯಂತ್ರಕ್ಕೆ ಯಾವ ವಿಳಾಸ. ದಿನಕ್ಕೊಮ್ಮೆ ಗುಂಡಿ ಒತ್ತಿ ಬೆಲ್ಲು ಪರೀಕ್ಷಿಸಿ. ರೂಟರ್ ಬದಲಾಯಿಸುವುದಿದ್ದರೆ ಮೊದಲು ನನಗೆ ಫೋನ್ ಮಾಡಿ. ಈ ಕೊನೆಯದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ. ಕನ್ನಡದ ಮನೆ ಎಂಬ ಹುರುಪು ಎಷ್ಟಿತ್ತೆಂದರೆ ಅಂಕಿಗಳನ್ನೂ ಕನ್ನಡದಲ್ಲೇ ಬರೆದೆ, ವಿಳಾಸಗಳ ಆರಂಭದ ೧೯೨, ೧೬೮ ಎಂದು, ನನ್ನ ಫೋನ್ ನಂಬರನ್ನೂ. ಶಾಲೆ ಬಿಟ್ಟ ಮೇಲೆ ಕನ್ನಡ ಅಂಕಿ ಬರೆದದ್ದು ಅದೇ ಮೊದಲು. ಒಂಬತ್ತನ್ನು ಎರಡು ಸಲ ತಿದ್ದಿದೆ.

"ಎಲ್ಲಾ ಇದರಲ್ಲಿ ಬರೆದಿದೀನಿ ಅಕ್ಕ. ಇದರಲ್ಲಿರೋ ಹಾಗೆ ಮಾಡಿದರೆ ಆಯಿತು."

ಅಕ್ಕ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. "ಸರೀಂಗ ತಂಬಿ" ಎಂದರು. ಅದನ್ನು ರೂಟರಿನ ಮೇಲುಗಡೆ, ದೇವರ ಪಟಗಳ ಸಾಲಿನ ಪಕ್ಕದಲ್ಲಿ ಅಂಟಿಸಿದರು. ಒಳಗೆ ಹೋಗಿ ಅರಿಶಿನ ಕುಂಕುಮ ತಂದು ನಾಲ್ಕು ಮೂಲೆಗೂ ಬೊಟ್ಟಿಟ್ಟರು. ನನಗೆ ಎದೆ ಉಬ್ಬಿತು. ನನ್ನ ಕೆಲಸಕ್ಕೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

ಒಂಬತ್ತು ದಿನ ಫೋನ್ ಬರಲಿಲ್ಲ. ಹತ್ತನೆಯ ದಿನ ಬಂದ ಫೋನು ಮನೆಯ ಯಜಮಾನರದು, ತಿರುಪ್ಪೂರಿನಿಂದ. ಮಾತು ಚಿಕ್ಕದು. ಕೋಳಿ ಸತ್ತಿವೆ, ಒಮ್ಮೆ ಹೋಗಿ ನೋಡಿ.

ನಾನು ಹೋದಾಗ ಅಕ್ಕ ಶೆಡ್ಡಿನ ಹೊರಗೆ ಸತ್ತ ಕೋಳಿಗಳನ್ನು ತೌಡಿನ ಚೀಲಕ್ಕೆ ತುಂಬುತ್ತಿದ್ದರು. ನಾಲ್ಕು ಚೀಲ ತುಂಬಿ ಐದನೆಯದು ಹಿಡಿದಿದ್ದರು. ಇನ್ನು ಐದು ದಿನದಲ್ಲಿ ಕೋಳಿ ಕಂಪನಿಯ ಲಾರಿ ಬಂದು ಹಿಡಿದುಕೊಂಡು ಹೋಗಬೇಕಾಗಿದ್ದ ಬಲಿತ ಕೋಳಿಗಳು. ಮಧ್ಯಾಹ್ನ ಒಂದು ಫೇಸ್ ಹೋಗಿದೆ, ಅವರು ಬೆಲ್ಲನ್ನು ನಂಬಿಕೊಂಡು ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುತ್ತಿದ್ದರು. ಬೆಲ್ಲು ಸದ್ದು ಮಾಡಿಲ್ಲ. ಅಕ್ಕ ನನ್ನನ್ನು ನೋಡಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಲ್‌ಗೆ ಹೋದೆ. ರೂಟರ್ ಇದ್ದ ಜಾಗದಲ್ಲಿ ಬೇರೊಂದು ರೂಟರ್ ಕೂತಿತ್ತು, ಹೊಚ್ಚಹೊಸದು. ಆರು ದಿನದ ಹಿಂದೆ ಇಂಟರ್ನೆಟ್ ನಿಂತಿದೆ. ಕೇಬಲ್‌ನವನು ಬಂದು ಹಳೆಯದನ್ನು ತೆಗೆದುಕೊಂಡು ಹೋಗಿ ಹೊಸದು ಇಟ್ಟಿದ್ದಾನೆ. ಅವನು ಒಳ್ಳೆಯ ಕೆಲಸಗಾರ, ವೈಫೈ ಹೆಸರು, ಪಾಸ್‌ವರ್ಡ್ ಎಲ್ಲ ಹಳೆಯದೇ ಇಟ್ಟು, ವಯರುಗಳನ್ನು ಒಂದೂ ಬಿಡದೆ ಸಿಕ್ಕಿಸಿ, ಫೋನಿನಲ್ಲಿ ವಿಡಿಯೊ ಓಡಿಸಿ ತೋರಿಸಿ ಹೋಗಿದ್ದಾನೆ. ನಾನು ಬರೆದಿಟ್ಟ ಪಟ್ಟಿ ಹಳೆಯ ರೂಟರಿನ ಹೊಟ್ಟೆಯೊಳಗೇ ಅವನ ಚೀಲದಲ್ಲಿ ಹೋಗಿದೆ. ಬೆಲ್ಲಿಗೆ ಹೊಸ ವಿಳಾಸ ಸಿಕ್ಕಿದೆ. ಶೆಡ್ಡಿನ ಪೆಟ್ಟಿಗೆ ಆರು ದಿನದಿಂದ ಯಾರೂ ಇಲ್ಲದ ವಿಳಾಸಕ್ಕೆ ಸುದ್ದಿ ಕಳಿಸಲು ಕಾದು ಕೂತಿದೆ.

ಗೋಡೆಯ ಮೇಲೆ ಹಾಳೆ ಹಾಗೆಯೇ ಇತ್ತು. ಕುಂಕುಮ ಹೊಸದಾಗಿ ಇಟ್ಟಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಅಕ್ಕ, ಇಲ್ಲಿ ಇಷ್ಟು ದೊಡ್ಡದಾಗಿ ಬರೆದಿದೀನಲ್ಲ. ಕೆಂಪು ಗೆರೆ ಎಳೆದಿದೀನಿ. ರೂಟರ್ ಬದಲಾಯಿಸೋ ಮೊದಲು ಫೋನ್ ಮಾಡಿ ಅಂತ. ದಿನಾ ಬೆಲ್ಲು ಒತ್ತಿ ನೋಡಿ ಅಂತ. ಒಂದು ದಿನ ಓದಿದ್ದರೆ ಇಷ್ಟು ಕೋಳಿ ಸಾಯ್ತಿತ್ತಾ?"

ಅಕ್ಕ ಬಾಗಿಲ ಹೊರಗೇ ನಿಂತಿದ್ದರು. ಶೆಡ್ಡಿನಿಂದ ಬಂದಿದ್ದರಿಂದ ಒಳಗೆ ಬರುವಂತಿರಲಿಲ್ಲ.

"ನಮ್ಗೆ ಕನ್ನಡ ಓದಕ್ ಬರಲ್ಲ ತಂಬಿ" ಎಂದರು. "ನಾವ್ ಓದಿದ್ದೆಲ್ಲಾ ತಮಿಳ್ ಇಸ್ಕೂಲು. ಅವ್ರ್ಗೂ ಬರಲ್ಲ, ಮಗ್ಳ್ಗೂ ಬರಲ್ಲ. ಪೇಸ್ತೀವಿ, ಅಷ್ಟೇ."

"ಮತ್ತೆ ಅವತ್ತೇ ಹೇಳಬಾರದಿತ್ತಾ?"

"ನೀವ್ ಅಷ್ಟ್ ಆಸೆ ಪಟ್ ಬರ್ದಿರಿ. ನಮ್ ಮನೇಲಿ ಕನ್ನಡ ಎಳುತ್ತು, ಅಕ್ಷರ, ಅಂತ ಇರೋದು ಅದೊಂದೇ. ನಂಗೆ ಓದಕ್ ಬರಲ್ಲ ಅಂತ ಹೇಳಕ್ಕೆ ನಾಚ್ಕೆ ಆಯ್ತು."

ಕೇಬಲ್‌ನವನು ಇದೇನು ಹಾಳೆ ಎಂದು ಕೇಳಿದ್ದನಂತೆ. ನಮ್ಮ ಭಾಷೆ, ಒಬ್ಬ ತಂಬಿ ಬರೆದುಕೊಟ್ಟದ್ದು ಎಂದು ಹೇಳಿದರಂತೆ. ಅವನು ನನ್ನ ಫೋನ್ ನಂಬರಿನ ಎದುರೇ ನಿಂತು ಅದು ನಂಬರೆಂದು ತಿಳಿಯದೆ ಹೋಗಿದ್ದಾನೆ. ಇಲ್ಲಿ 'ಸರೀಂಗ' ಎಂದರೆ ನೀವು ಹೇಳಿದ್ದು ಕೇಳಿಸಿತು ಎಂದಷ್ಟೇ, ತಿಳಿಯಿತು ಎಂದೇನಲ್ಲ. ಮೂರು ವರ್ಷ ಈ ಊರ ನೀರು ಕುಡಿದೂ ನಾನು ಅದನ್ನು ಕಲಿತಿರಲಿಲ್ಲ. ಆ ನಾಲ್ಕೂವರೆ ಚೀಲಕ್ಕೆ ಕೇಬಲ್‌ನವನನ್ನು ಬೈಯೋಣವೆಂದರೆ ಬಾಯಿ ಬರಲಿಲ್ಲ.

ಅಂಗಳದ ತೆಂಗಿನ ಮರದ ಕೆಳಗೆ ಕೂತು ಯೋಚಿಸಿದೆ. ಈವರೆಗೆ ಕೇಳಿಕೊಂಡಿದ್ದ ಪ್ರಶ್ನೆ, ಈ ಮನೆಗೆ ಖಾಯಂ ವಿಳಾಸವೋ ರೂಟರ್ ಹಂಚುವ ವಿಳಾಸವೋ ಎಂದು. ಈ ಮನೆಯ ಎಲ್ಲಕ್ಕೂ ಒಂದೇ ಉತ್ತರ ಯಾಕೆ ಬೇಕು? ಟಿವಿ, ಫೋನುಗಳು ರೂಟರ್ ಕೊಟ್ಟದ್ದನ್ನು ತೆಗೆದುಕೊಳ್ಳಲಿ, ನಾಳೆ ಬದಲಾದರೆ ಯಾರೂ ಸಾಯುವುದಿಲ್ಲ. ಪರಸ್ಪರ ತಪ್ಪದೆ ಸಿಗಲೇಬೇಕಾದವು ಎರಡೇ ಎರಡು, ಶೆಡ್ಡಿನ ಪೆಟ್ಟಿಗೆ ಮತ್ತು ಬೆಲ್ಲು. ಅವಕ್ಕೆ ರೂಟರೇ ಬೇಡ. ಎರಡಕ್ಕೂ ಅವುಗಳೊಳಗೇ ಖಾಯಂ ವಿಳಾಸ ಬರೆದು, ನಡುವೆ ಅವೆರಡರ ವಯರನ್ನಷ್ಟೇ ಕೂಡಿಸುವ ಒಂದು ಸಣ್ಣ ಸ್ವಿಚ್ ಡಬ್ಬ ಇಟ್ಟು, ರೂಟರಿನಿಂದ ಪೂರ್ತಿ ಬಿಡಿಸಿಬಿಡುವುದು. ಆಮೇಲೆ ಕೇಬಲ್‌ನವನು ದಿನಕ್ಕೊಂದು ರೂಟರ್ ತಂದಿಟ್ಟರೂ ಇವು ತಮ್ಮ ಪಾಡಿಗೆ ಮಾತಾಡಿಕೊಂಡಿರುತ್ತವೆ.

ಒಂದೇ ತೊಡಕು. ರೂಟರಿನಿಂದ ಬಿಡಿಸಿದರೆ ಫೋನಿನಲ್ಲಿ ಶೆಡ್ಡಿನ ಸೆಕೆ ನೋಡುವ ಆ್ಯಪ್ ಕೆಲಸ ಮಾಡುವುದಿಲ್ಲ. ನಮ್ಮ ಯಜಮಾನರು ಈ ಪೆಟ್ಟಿಗೆಯನ್ನು ಮಾರುವುದೇ ಆ ಆ್ಯಪ್ ತೋರಿಸಿ. ಫೋನಿನಲ್ಲಿ ಹೇಳಿದಾಗ ಸಿಡಿದುಬಿದ್ದರು, ಆ್ಯಪ್ ಇಲ್ಲದಿದ್ದರೆ ಅದು ಬರೀ ಕಾಲಿಂಗ್ ಬೆಲ್ಲಲ್ಲವೇ ಎಂದರು. ಹೌದು, ಇವರಿಗೆ ಬೇಕಾದದ್ದು ಅಷ್ಟೇ ಎಂದೆ. ಬೇಕಿದ್ದರೆ ನೀವೇ ಬಂದು ಆ ಚೀಲಗಳನ್ನು ನೋಡಿ ಹೇಳಿ ಎಂದೂ ಅಂದುಬಿಟ್ಟೆ. ಅವರು ಫೋನ್ ಇಟ್ಟರು. ಅಕ್ಕನನ್ನು ಕೇಳಿದೆ. "ಫೋನ್ ನೋಡಕ್ಕೆ ನಂಗೆ ಎಲ್ಲಿ ನೇರ, ಎಲ್ಲಿ ಪುರ್ಸೊತ್ತು ತಂಬಿ? ಬೆಲ್ ಹೊಡುದ್ರೆ ಸಾಕು" ಎಂದರು.

ಉಳಿದ ಕೋಳಿಗಳು ಹೋಗಿ, ಶೆಡ್ಡು ತೊಳೆದು ಸುಣ್ಣ ಬಳಿದಾದ ಮೇಲೆ, ಹೊಸ ಮರಿ ಬರುವ ಮುನ್ನ ಒಂದು ದಿನ ಪೂರ್ತಿ ಕೂತು ಹಾಗೆಯೇ ಮಾಡಿದೆ. ರೂಟರನ್ನು ಕಿತ್ತು ಅಂಗಳದಲ್ಲಿಟ್ಟು ಗುಂಡಿ ಒತ್ತಿದೆ. ಬೆಲ್ಲು ಹೊಡೆಯಿತು.

ಈ ಸಲ ಪಟ್ಟಿ ಬರೆದವರು ಅಕ್ಕ. ನಾನು ಕನ್ನಡದಲ್ಲಿ ಹೇಳಿದೆ, ಅವರು ಅದೇ ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆದರು. ನಡುನಡುವೆ, "ಇಷ್ಟ್ ಉದ್ದ ಬ್ಯಾಡ ತಂಬಿ" ಎಂದು ನನ್ನ ಮಾತನ್ನು ಕತ್ತರಿಸಿದರು. ಫೇಸ್ ಹೋದರೆ ಯಾವ ಪರದೆ ಮೊದಲು ಎತ್ತಬೇಕು, ಯಾವ ಗುಂಡಿ ಯಾವಾಗ ಎಂಬುದನ್ನು ನಾನು ಹೇಳದೆಯೇ ಸೇರಿಸಿದರು. ಬರೆದು ನನ್ನ ಕೈಗೆ ಕೊಟ್ಟರು. ನಾನು ಬಸ್ಸಿನ ಬೋರ್ಡನ್ನೇ ತಿಣುಕಿ ಓದುವವನು, ಒಂದು ಸಾಲೂ ಮುಂದೆ ಹೋಗಲಿಲ್ಲ. "ಸರಿ ಇದೆ" ಎಂದು ಹೇಳಲು ಬಾಯಿ ತೆರೆದವನು ಅಲ್ಲೇ ತಡೆದುಕೊಂಡೆ.

"ನನಗೆ ಓದೋಕೆ ಬರಲ್ಲ ಅಕ್ಕ. ನೀವೇ ಓದಿ ಹೇಳಿ."

ಅವರು ಓದಿದರು, ಬೆರಳಿಟ್ಟು, ಒಂದೊಂದು ಸಾಲೂ. ಎರಡು ಕಡೆ ತಪ್ಪಿತ್ತು, ತಿದ್ದಿಸಿದೆ.

ಹಳೆಯ ಹಾಳೆಯನ್ನು ತೆಗೆದುಬಿಡೋಣ, ಅದರಲ್ಲಿರುವ ವಿಳಾಸಗಳೆಲ್ಲ ಈಗ ತಪ್ಪು ಎಂದೆ. ಅಕ್ಕ ಒಪ್ಪಲಿಲ್ಲ. ಅದು ಅದರ ಪಾಡಿಗೆ ಇರಲಿ ಎಂದರು. ಹಾಗಾದರೆ ನಾಳೆ ಯಾರೂ ಮೋಸಹೋಗದಿರಲೆಂದು ಸ್ಟೂಲು ಹತ್ತಿ, ಹಾಳೆಯ ಅಡಿಯಲ್ಲಿ 'ಈ ಪಟ್ಟಿ ಈಗ ನಡೆಯುವುದಿಲ್ಲ' ಎಂದು ಬರೆದೆ. ಬರೆದು ಇಳಿದ ಮೇಲೆ ನೋಡುತ್ತೇನೆ, ಮತ್ತೆ ಕನ್ನಡದಲ್ಲೇ ಬರೆದಿದ್ದೇನೆ. ಏನು ಬರೆದಿರಿ ಎಂದು ಅಕ್ಕ ಕೇಳಿದರು. ಓದಿ ಹೇಳಿದೆ. ಆ ಒಂದು ತಿಂಗಳಲ್ಲಿ ಅವರು ಬಾಯ್ತುಂಬ ನಕ್ಕದ್ದು ಆಗ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಅದರ ಕೆಳಗೆ ತಮಿಳಿನಲ್ಲಿ ಬರೆದರು.

ಒಂದೂವರೆ ತಿಂಗಳ ಮೇಲೆ, ಒಂದು ಮಧ್ಯಾಹ್ನ, ತುಡಿಯಲೂರಿನಲ್ಲೇ ಒಂದು ಮನೆಯ ಏಣಿಯ ಮೇಲಿದ್ದಾಗ ಅಕ್ಕನ ಫೋನು ಬಂತು. ಎತ್ತಿದರೆ ಮಾತಿಲ್ಲ, ಬರೀ ಬೆಲ್ಲಿನ ಬಡಿತ. ಏಣಿಯ ಮೆಟ್ಟಿಲು ಹಿಡಿದುಕೊಂಡು ಅಕ್ಕ, ಅಕ್ಕ ಎಂದು ಕೂಗಿದೆ.

"ಕೇಳ್ತಾ ತಂಬಿ?" ಅವರು ಏದುಸಿರು ಬಿಡುತ್ತಿದ್ದರು. "ಒಂದ್ ಫೇಸ್ ಹೋಗ್ಯದೆ. ಬೆಲ್ ಹೊಡೀತು, ಓಡೋಗಿ ಪರದೆ ಎತ್ತಿ ನೀರ್ ಬಿಟ್ ಬಂದೆ. ಪಟ್ಟೀಲಿ ಬರ್ದಂಗೇ ಮಾಡ್ದೆ. ಒಂದ್ ಕೋಳೀನೂ ಬಿದ್ದಿಲ್ಲ. ನೀವೂ ಒಂದ್ ಸಲ ಕೇಳ್ಲಿ ಅಂತ ಬೆಲ್ ಆರ್ಸದೆ ಫೋನ್ ಮಾಡ್ದೆ."

ಬೆಲ್ಲು ನಿಂತಿತು. ಅದರ ಹಿಂದೆಯೇ ಕೂಸು ಅಳುವುದು ಕೇಳಿಸಿತು, ಎದ್ದುಬಿಟ್ಟಿತ್ತು.

"ಇಡ್ತೀನಿ ತಂಬಿ" ಎಂದರು ಅಕ್ಕ. "ಮೈ ತೊಳ್ಕೊಂಡ್ ಕೂಸ್ ಎತ್ಕೋಬೇಕು."